ಹಳದಿ ಕೊರಳಿನ ಗುಬ್ಬಿಯೂ ನಮ್ಮೂರ ಗಿಳಿಯೂ

ದೊಡ್ಡವರ ಚರಿತ್ರೆಯನ್ನು ಅವರ ಹುಟ್ಟಿನಿಂದ ಆರಂಭಿಸುವುದು ವಾಡಿಕೆ. ಡಾಕ್ಟರ್ ಸಲೀಂ ಅಲಿಯವರ ಚರಿತ್ರೆಯನ್ನು ಮಾತ್ರ ಒಂದು ಸಾವಿನಿಂದ ಆರಂಭಿಸಬೇಕಾಗುತ್ತದೆ. ಸತ್ತದ್ದು ಒಂದು ಗುಬ್ಬಿ. ಕೊಂದವರು ಸ್ವತಃ ಸಲೀಂ ಅಲಿಯವರೇ. ಆಗ ಅವರು ಏರ್‌ಗನ್ ಹಿಡಿದು ಅಂಗಳದಲ್ಲಿ ಅಲೆಯುವ ಹುಡುಗ. ಆ ದಿನದಿಂದ ಮುಂದಿನ ಮುಕ್ಕಾಲು ಶತಮಾನಕ್ಕೂ ಮಿಕ್ಕಿದ ಕಾಲ ಹಕ್ಕಿಗಳಿಗಾಗಿ ಈ ದೇಶದಲ್ಲಿ ಅವರಷ್ಟು ನಡೆದವರು, ನೋಡಿದವರು, ಬರೆದವರು, ಅಧಿಕಾರದಲ್ಲಿದ್ದವರೊಡನೆ ವಾದಿಸಿದವರು ವಿರಳ. ಹಕ್ಕಿಯನ್ನು ಕೊಂದ ಕೈಯೇ ಹಕ್ಕಿಯನ್ನು ಕಾಯುವ ಕೈಯಾದುದು ಹೇಗೆ? ಈ ಪ್ರಶ್ನೆ ನನ್ನ ಪಾಲಿಗೆ ಬರಿಯ ಕುತೂಹಲದ್ದಲ್ಲ. ನನ್ನ ಕೈಯಲ್ಲೂ ಒಂದು ಹಕ್ಕಿ ಸತ್ತಿದೆ. ಆದುದರಿಂದ ಆ ಮಹನೀಯರ ಜೀವನವನ್ನು ಹೇಳುವ ಮೊದಲು ನನ್ನ ಸಣ್ಣ ಲೆಕ್ಕವೊಂದನ್ನು ಒಪ್ಪಿಸಿಬಿಡುತ್ತೇನೆ, ವಾಚಕರು ಮನ್ನಿಸಬೇಕು.

ನಾನು ಪಕ್ಷಿಶಾಸ್ತ್ರವನ್ನು ಓದಿದವನಲ್ಲ; ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹುಟ್ಟಿ ಬೆಳೆದದ್ದು ಬಂಟ್ವಾಳ ತಾಲ್ಲೂಕಿನ ಕನ್ಯಾನದಲ್ಲಿ. ವಿಟ್ಲದಿಂದ ಪಶ್ಚಿಮಕ್ಕೆ ಸಾಗಿದರೆ, ಕೇರಳದ ಗಡಿಗೆ ಇನ್ನೇನು ಕೈಚಾಚಿದರೆ ಸಿಕ್ಕೀತು ಎನ್ನುವಷ್ಟರಲ್ಲಿ ನಮ್ಮೂರು. ಕೆಳಗೆ ಅಡಕೆಯ ತೋಟ, ಮೇಲೆ ಮುರಕಲ್ಲಿನ ಗುಡ್ಡ, ನಡುನಡುವೆ ಗೇರು ಮತ್ತು ಕಾಡುಮರಗಳು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ಮನೆಯ ಹಿಂದಿನ ಗುಡ್ಡವನ್ನು ರಬ್ಬರು ಹಾಕುವುದಕ್ಕೆಂದು ಸವರಿದರು. ಆ ಬೇಸಗೆಯಲ್ಲಿ ಹಳೆಯ ಕಾಟುಮಾವಿನ ಮರವೊಂದು ಉರುಳಿದಾಗ ಅದರ ಪೊಟರೆಯೊಳಗಿಂದ ಮೂರು ಗಿಳಿಮರಿಗಳು ಹೊರಬಿದ್ದವು. ಎರಡು ಅಲ್ಲಿಯೇ ಸತ್ತವು. ಮೂರನೆಯದನ್ನು ನನ್ನ ಸೋದರಮಾವ ಬೈರಾಸಿನಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು. ಬುಡ್ಡಿದೀಪದ ಬೆಚ್ಚನೆಯ ಬದಿಯಲ್ಲಿಟ್ಟು, ಅಮ್ಮ ಅರೆದುಕೊಟ್ಟ ನೆನೆಗಡಲೆಯನ್ನು ತಿನ್ನಿಸಿ ನಾನದನ್ನು ಉಳಿಸಿದೆ. ಜಗಲಿಯಲ್ಲಿ ತಂತಿಯ ಪಂಜರ ತೂಗಿತು.

ಗಿಳಿಯೆಂದರೆ ಎಲ್ಲರ ಮನಸ್ಸಿನಲ್ಲಿ ಒಂದು ಚಿತ್ರವಿರುತ್ತದೆ. ಎಳೆಯ ಬಾಳೆಲೆಯ ಹಸಿರು, ಕೆಂಪು ಕೊಕ್ಕು, ಕೇಳಿದ್ದನ್ನು ಒಪ್ಪಿಸುವ ನಾಲಗೆ. ನಮ್ಮ ಗಿಳಿ ಆ ಚಿತ್ರಕ್ಕೆ ಹೊಂದಲಿಲ್ಲ. ರೆಕ್ಕೆಯಲ್ಲಿ ಕೆರೆಯ ನೀರಿನಂಥ ನೀಲಿಯಿತ್ತು. ನೀಲಿಯ ಬಾಲದ ತುದಿಯಲ್ಲಿ ಅರಸಿನ ಮುಟ್ಟಿಸಿದಂತೆ ಹಳದಿ ಇತ್ತು. ಎಷ್ಟು ಕಲಿಸಿದರೂ ಮಾತು ಬರಲಿಲ್ಲ. ಮನೆಗೆ ಬಂದವರು ಅದನ್ನು ಬಣ್ಣಗೆಟ್ಟ ಗಿಳಿಯೆಂದರು, ಮಾತುಬಾರದ ಮೂಗಿಯೆಂದರು. ನಾನೂ ಹಾಗೆಯೇ ನಂಬಿದೆ. ಹಸಿಮೆಣಸು ತಿಂದರೆ ಗಿಳಿಗೆ ಮಾತು ಬರುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ ದಿನವೂ ಮೆಣಸು ತಿನ್ನಿಸಿದೆ. ಆಟಿಯ ಜಡಿಮಳೆಯಲ್ಲಿ ಒಂದು ರಾತ್ರಿ ಪಂಜರವನ್ನು ಒಳಗೆ ತರುವುದು ನನಗೆ ಮರೆತುಹೋಯಿತು. ಬೆಳಗ್ಗೆ ನೋಡುವಾಗ ಗಿಳಿ ಪಂಜರದ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅಜ್ಜ ಅದನ್ನು ಹಲಸಿನ ಮರದ ಬುಡದಲ್ಲಿ ಹೂತರು. ಅದು ಯಾವ ಜಾತಿಯ ಹಕ್ಕಿಯೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಬೊಂಬಾಯಿಯ ಖೇತವಾಡಿಯ ಆ ಹುಡುಗ ಕೇಳಿದ. ಅವನಿಗೂ ನನಗೂ ಇರುವ ಅಂತರ ಅಲ್ಲಿಂದಲೇ ಆರಂಭವಾಗುತ್ತದೆ.

ಸಲೀಂ ಅಲಿಯವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಬೊಂಬಾಯಿಯ ಸುಲೈಮಾನಿ ಬೋಹ್ರಾ ಮನೆತನವೊಂದರಲ್ಲಿ, ಒಡಹುಟ್ಟಿದವರೆಲ್ಲರಿಗೂ ಕಿರಿಯರಾಗಿ. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರನೆಯ ವರ್ಷದಲ್ಲಿ ತಾಯಿಯೂ ಹೋದರು. ತಬ್ಬಲಿಗಳಾದ ಮಕ್ಕಳನ್ನು ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ. ಅಳಿಯಸಂತಾನದ ನಾಡಾದ ನಮ್ಮ ತುಳುನಾಡಿನವರಿಗೆ ಸೋದರಮಾವನೆಂದರೆ ಏನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಸೋದರಮಾವ ಶಿಕಾರಿಯಲ್ಲಿ ಪಳಗಿದವರು. ಅಳಿಯನಿಗೆ ಏರ್‌ಗನ್ ಕೊಡಿಸಿದವರೂ ಅವರೇ. ಗುಬ್ಬಿಗಳನ್ನು ಹೊಡೆಯುವುದೂ, ಧರ್ಮವಿಧಿಯಂತೆ ಕೊಯ್ಯುವುದೂ, ಅಡುಗೆಗೆ ಒಪ್ಪಿಸುವುದೂ ಹುಡುಗನ ಆಟ. ಹೀಗೆ ಹೊಡೆದ ಒಂದು ಗುಬ್ಬಿಯ ಕೊರಳಿನಲ್ಲಿ ಹಳದಿಯ ಮಚ್ಚೆ ಕಂಡಿತು. ಇದು ಮಾಮೂಲಿನ ಗುಬ್ಬಿಯಲ್ಲ. ಇದನ್ನು ತಿನ್ನಬಹುದೊ ತಿನ್ನಬಾರದೊ ಎಂಬ ಸಂದೇಹ ಅವನಿಗೆ ಬಂತು. ಮಾವನಲ್ಲಿಗೆ ಒಯ್ದು ತೋರಿಸಿದ. ಮಾವನಿಗೂ ತಿಳಿಯಲಿಲ್ಲ.

ಇಲ್ಲಿ ಆ ಮಾವ ಮಾಡಿದ ಒಂದು ಕೆಲಸವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ತನಗೆ ತಿಳಿಯದೆಂದು ಒಪ್ಪಿಕೊಂಡು, ತಿಳಿದವರಿದ್ದಲ್ಲಿಗೆ ಒಂದು ಪರಿಚಯದ ಚೀಟಿ ಬರೆದು ಹುಡುಗನನ್ನು ಕಳುಹಿಸಿದರು. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಆಗ ಮಿಲ್ಲಾರ್ಡ್ ಎಂಬ ಆಂಗ್ಲರು ಕಾರ್ಯದರ್ಶಿ. ದೊರೆಗಳ ಕಾಲದಲ್ಲಿ ದೊರೆಯೊಬ್ಬನ ಕೋಣೆಯ ಬಾಗಿಲಲ್ಲಿ, ಕಾಗದದಲ್ಲಿ ಸುತ್ತಿದ ಸತ್ತ ಗುಬ್ಬಿಯನ್ನು ಹಿಡಿದು ಒಬ್ಬ ದೇಶೀಯ ಹುಡುಗ ನಿಂತಿರುವ ಚಿತ್ರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಮಿಲ್ಲಾರ್ಡರು ಗದರಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿಯೆಂದು ಹೇಳಿ, ಬೀರುವಿನ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಹತ್ತಿ ತುಂಬಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು; ಓದಲು ಪುಸ್ತಕಗಳನ್ನು ಕೊಟ್ಟರು; ಹಕ್ಕಿಯ ಚರ್ಮವನ್ನು ಕೆಡದಂತೆ ಕಾಪಿಡುವ ವಿದ್ಯೆಯನ್ನು ಕಲಿಯಲು ಅವಕಾಶ ಮಾಡಿದರು. ಗುಬ್ಬಿಗೆ ಒಂದು ಹೆಸರು ಸಿಕ್ಕಿತು; ಹುಡುಗನಿಗೆ ಒಂದು ದಾರಿ ಸಿಕ್ಕಿತು.

ದಾರಿ ಸಿಕ್ಕಿತೆಂದ ಮಾತ್ರಕ್ಕೆ ಅದು ಹಸನಾಗಿತ್ತೆಂದಲ್ಲ. ಶಾಲೆಯ ಓದು ಅವರಿಗೆ ಎಂದೂ ಒಲಿಯಲಿಲ್ಲ, ಗಣಿತವಂತೂ ಹೆದರಿಸಿತು. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬರ್ಮಾದೇಶದ ತವಾಯ್‌ಗೆ ಹೋಗಿ, ಕುಟುಂಬದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಂಡರು. ವ್ಯಾಪಾರಕ್ಕಿಂತ ಹೆಚ್ಚಾಗಿ ಅಲ್ಲಿನ ಕಾಡುಗಳನ್ನೇ ನೋಡಿದರೆಂಬುದು ನಿಜಕ್ಕೆ ಹತ್ತಿರವಾದ ಮಾತು. 1917ರಲ್ಲಿ ಬೊಂಬಾಯಿಗೆ ಹಿಂದಿರುಗಿ ಪ್ರಾಣಿಶಾಸ್ತ್ರವನ್ನು ಅಭ್ಯಾಸಮಾಡಿದರು. 1918ರ ಡಿಸೆಂಬರಿನಲ್ಲಿ ತಹಮೀನಾ ಅವರನ್ನು ವರಿಸಿದರು. ಭಾರತದ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿಶಾಸ್ತ್ರಜ್ಞನ ಹುದ್ದೆ ತೆರವಾದಾಗ, ವಿಶ್ವವಿದ್ಯಾನಿಲಯದ ಪದವಿಯಿಲ್ಲವೆಂಬ ಕಾರಣದಿಂದ ಅದು ಅವರ ಕೈಗೆ ಸಿಗಲಿಲ್ಲ. ಪದವಿಯ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿರುವ ನನ್ನಂಥವರು ಈ ಸಂಗತಿಯನ್ನು ಸ್ವಲ್ಪ ತಲೆತಗ್ಗಿಸಿ ಓದಬೇಕು.

1926ರಲ್ಲಿ ಬೊಂಬಾಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ಪ್ರಾಣಿಪಕ್ಷಿಗಳನ್ನು ವಿವರಿಸುವ ಸಣ್ಣದೊಂದು ಕೆಲಸ ದೊರಕಿತು. ಎರಡು ವರ್ಷಗಳ ಬಳಿಕ ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಎರ್ವಿನ್ ಸ್ಟ್ರೆಸೆಮನ್ ಎಂಬ ಮಹಾವಿದ್ವಾಂಸರ ಬಳಿ ಶಿಷ್ಯವೃತ್ತಿ ಮಾಡಿದರು. ಹಕ್ಕಿಯನ್ನು ಹೊಡೆದು ಹೆಸರಿನ ಚೀಟಿ ಕಟ್ಟಿದರೆ ಕೆಲಸ ಮುಗಿಯಲಿಲ್ಲ, ಬದುಕಿರುವ ಹಕ್ಕಿಯ ನಡೆನುಡಿಗಳನ್ನು ಅದರ ನೆಲೆಯಲ್ಲಿಯೇ ನೋಡಬೇಕು ಎಂಬ ಹೊಸ ದೃಷ್ಟಿ ಅಲ್ಲಿ ಅವರಿಗೆ ಬಲವಾಯಿತು. 1930ರಲ್ಲಿ ಹಿಂದಿರುಗಿ ಬಂದಾಗ ವಸ್ತುಸಂಗ್ರಹಾಲಯದ ಕೆಲಸ ಉಳಿದಿರಲಿಲ್ಲ. ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಮೂವತ್ತನಾಲ್ಕರ ಪ್ರಾಯ, ಕೈಯಲ್ಲಿ ವಿದ್ಯೆ, ಆದರೆ ಸಂಬಳವಿಲ್ಲ. ದಂಪತಿಗಳು ಕಡಲಾಚೆಯ ಅಲಿಬಾಗಿನ ಬಳಿಯ ಕಿಹೀಂ ಎಂಬ ಹಳ್ಳಿಗೆ ಬಂದು ನೆಲಸಿದರು.

ಅಲ್ಲಿ ಮನೆಯ ಹತ್ತಿರವೇ ಗೀಜಗನ ಗೂಡುಗಳ ದೊಡ್ಡ ಸಂಸಾರವೊಂದು ತೂಗುತ್ತಿತ್ತು. ಕೆಲಸವಿಲ್ಲದ ಮನುಷ್ಯ ಮಳೆಗಾಲವೆಲ್ಲ ಅದರೆದುರು ಕುಳಿತು ನೋಡಿದರು, ಬರೆದರು. ಗಂಡು ಗೀಜಗ ಅರ್ಧ ಗೂಡನ್ನು ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಮೆಚ್ಚಿದರೆ ಮಾತ್ರ ಸಂಸಾರ ಹೂಡುತ್ತದೆ. ಅದು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೆ ಗಂಡು ಮತ್ತೊಂದು ಗೂಡನ್ನು ಆರಂಭಿಸಿ ಮತ್ತೊಬ್ಬಳನ್ನು ಕರೆಯುತ್ತದೆ. ಗೀಜಗನ ಗೂಡನ್ನು ಶತಮಾನಗಳಿಂದ ಕಂಡಿದ್ದ ನಮ್ಮ ದೇಶದಲ್ಲಿ ಈ ಗೃಹಕೃತ್ಯವನ್ನು ಕೂತು ನೋಡಿ ಕ್ರಮವಾಗಿ ಬರೆದಿಟ್ಟವರು ಅವರು. ವಿದ್ವತ್‌ಪ್ರಪಂಚ ಅವರ ಹೆಸರನ್ನು ಗುರುತಿಸಿದ್ದು ಆ ಬರಹದಿಂದ.

ಸಂಬಳದ ಕೆಲಸ ಸಿಗದಿದ್ದಾಗ ಅವರು ದೇಶೀಯ ಸಂಸ್ಥಾನಗಳ ಮುಂದೆ ಒಂದು ಸೂಚನೆಯಿಟ್ಟರು. ತನಗೆ ವೇತನ ಬೇಡ. ಓಡಾಟದ ಮತ್ತು ಬೀಡಾರದ ವೆಚ್ಚವನ್ನು ವಹಿಸಿಕೊಂಡರೆ ಆ ಸಂಸ್ಥಾನದ ಹಕ್ಕಿಗಳನ್ನೆಲ್ಲ ಸಮೀಕ್ಷೆ ಮಾಡಿಕೊಡುವುದಾಗಿ ಹೇಳಿದರು. ಹೀಗೆ ಹೈದರಾಬಾದು, ತಿರುವಾಂಕೂರು, ಕೊಚ್ಚಿ, ಮಧ್ಯಭಾರತ ಎಂದು ಒಂದೊಂದೇ ಸೀಮೆಯನ್ನು ಸುತ್ತಿದರು. ಎತ್ತಿನಗಾಡಿಯೂ ಗುಡಾರವೂ ಅವರ ಮನೆಯಾದವು. ಪಟ್ಟಣದ ಸುಖದಲ್ಲಿ ಬೆಳೆದಿದ್ದ ತಹಮೀನಾ ಅವರು ಈ ಅಲೆದಾಟದಲ್ಲಿ ಜೊತೆಗಿದ್ದರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ ಆಕೆ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ಅಕ್ಕ ಭಾವಂದಿರ ಮನೆಯಲ್ಲಿ ಉಳಿದರು.

ಅದೇ ವರ್ಷ ಆರಂಭವಾಗಿ 1940ರಲ್ಲಿ ಮುಂದುವರಿದ ಸಮೀಕ್ಷೆ ಮೈಸೂರು ಸಂಸ್ಥಾನದ್ದು. ಮಡದಿಯನ್ನು ಕಳೆದುಕೊಂಡ ಮನುಷ್ಯ ನಮ್ಮ ಕನ್ನಡ ನೆಲದಲ್ಲಿ ಹಕ್ಕಿಗಳ ಬೆನ್ನುಹತ್ತಿ ನಡೆದ ತಿಂಗಳುಗಳವು. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುಗಡ್ಡೆಗಳಲ್ಲಿ ಬಾಯ್ಕಳಕ, ಚಮಚದ ಕೊಕ್ಕು, ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟುವುದನ್ನು ಕಂಡು, ಅದನ್ನು ಪಕ್ಷಿಧಾಮವೆಂದು ಘೋಷಿಸುವಂತೆ ಮೈಸೂರಿನ ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ದೋಣಿಯಲ್ಲಿ ಕುಳಿತು ಬಂಡೆಯ ಮೇಲಿನ ಮೊಸಳೆಯನ್ನು ಕೈತೋರುವ ನಮ್ಮ ಶಾಲಾಮಕ್ಕಳಲ್ಲಿ ಹೆಚ್ಚಿನವರಿಗೆ ಈ ಸಂಗತಿ ತಿಳಿದಿರುವುದಿಲ್ಲ. 2022ರಲ್ಲಿ ಆ ತಾಣ ಲೋಕದ ಮುಖ್ಯ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಮೈಸೂರಿನ ಹಕ್ಕಿಗಳ ಬಗ್ಗೆ ಅವರು ಬರೆದ ವಿವರವಾದ ಲೇಖನಮಾಲೆ 1942ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಗ ನಮ್ಮ ಕನ್ಯಾನ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮೈಸೂರಿನ ಗಡಿ ಘಟ್ಟದ ಮೇಲೆಯೇ ನಿಂತುಬಿಡುತ್ತಿತ್ತು. ಗಡಿ ಮನುಷ್ಯರಿಗೆ, ಹಕ್ಕಿಗಳಿಗೆ ಅದು ತಿಳಿಯದು. ಈ ಮಾತು ಮುಂದೆ ಅವರ ಜೀವನದಲ್ಲಿಯೇ ವಿಚಿತ್ರ ರೀತಿಯಲ್ಲಿ ಎದ್ದುನಿಂತಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಜನರಿಗೂ ಜ್ವರ ಹತ್ತಿ ಸಾವುಗಳಾದವು. ನಮ್ಮ ಜನ ಮಂಗನ ಕಾಯಿಲೆಯೆಂದು ಕರೆಯುವ ರೋಗ ಇದೇ. 1982-83ರಲ್ಲಿ ನೆರೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿಯೂ ಕಾಣಿಸಿಕೊಂಡು ಭಯ ಹುಟ್ಟಿಸಿತು. ಈ ರೋಗಾಣು ರಷ್ಯದ ಕಾಡುಗಳ ಒಂದು ರೋಗಾಣುವಿಗೆ ಹತ್ತಿರದ ನೆಂಟನಾದುದರಿಂದ, ವಲಸೆಯ ಹಕ್ಕಿಗಳು ಮೈಯ ಉಣುಗುಗಳ ಮೂಲಕ ಅದನ್ನು ಹೊತ್ತುತಂದಿರಬಹುದೆ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಸಲೀಂ ಅಲಿಯವರ ಸೊಸೈಟಿಯ ಕಡೆಗೆ ತಿರುಗಿತು. ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯಿರುವ ಬಳೆ ತೊಡಿಸಿ ಮತ್ತೆ ಹಾರಿಬಿಡುವ ಮಹಾಕಾರ್ಯ ಈ ನೆವದಿಂದ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಕನ್ನಡನಾಡಿನ ಕಾಡಿನಲ್ಲಿ ಸತ್ತ ಮಂಗಗಳು ಭಾರತದ ಹಕ್ಕಿಗಳ ವಲಸೆಯ ಶಾಸ್ತ್ರಕ್ಕೆ ಹೀಗೆ ಕಾರಣವಾದವು. ಹಕ್ಕಿಯನ್ನು ಕೊಲ್ಲದೆ ಹಿಡಿದು, ಗುರುತು ಮಾಡಿ, ಬಿಟ್ಟುಬಿಡುವುದು ಎಂದರೆ ಏರ್‌ಗನ್ನಿನ ಹುಡುಗ ಎಷ್ಟು ದೂರ ನಡೆದು ಬಂದಿದ್ದನೆಂಬುದನ್ನು ನೋಡಿ.

ಆದರೆ ಅವರನ್ನು ಅಹಿಂಸಾವ್ರತಿಯಾದ ಸಂತನನ್ನಾಗಿ ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಅಧ್ಯಯನಕ್ಕಾಗಿ ಅವರು ಹೊಡೆದ ಹಕ್ಕಿಗಳ ಸಂಖ್ಯೆ ಸಣ್ಣದಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಅವರ ಸಂರಕ್ಷಣೆ ಕರುಣೆಯೊಂದರ ಮೇಲೆ ನಿಂತದ್ದಲ್ಲ, ಅರಿವಿನ ಮೇಲೆ ನಿಂತದ್ದು. ಹಕ್ಕಿ ಎಲ್ಲಿದೆ, ಎಷ್ಟಿದೆ, ಏನು ತಿನ್ನುತ್ತದೆ, ಎಲ್ಲಿ ಗೂಡುಕಟ್ಟುತ್ತದೆ ಎಂಬುದು ತಿಳಿಯದೆ ಅದನ್ನು ಉಳಿಸಲಾಗದು ಎಂಬುದು ಅವರ ನಿಶ್ಚಯ. ನಾನು ನನ್ನ ಗಿಳಿಯ ಮೇಲೆ ಕರುಣೆಯನ್ನು ಧಾರಾಳವಾಗಿಯೇ ತೋರಿಸಿದ್ದೆ. ಪಂಜರದಲ್ಲಿಟ್ಟದ್ದು ಕರುಣೆಯಿಂದ, ಮೆಣಸು ತಿನ್ನಿಸಿದ್ದು ಪ್ರೀತಿಯಿಂದ. ಅರಿವಿಲ್ಲದ ಕರುಣೆ ಏನು ಮಾಡಬಲ್ಲುದೆಂಬುದಕ್ಕೆ ಹಲಸಿನ ಬುಡದ ಮಣ್ಣೇ ಸಾಕ್ಷಿ.

ಅರಿವನ್ನು ಅವರು ಪಂಡಿತರ ಪೆಟ್ಟಿಗೆಯಲ್ಲಿಡಲಿಲ್ಲ. 1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತು ಸಾಮಾನ್ಯರೂ ಓದಿ, ಚಿತ್ರ ನೋಡಿ ಗುರುತಿಸಬಹುದಾದ ಪುಸ್ತಕವನ್ನು ಹೊರತಂದರು; ಅದು ಮುದ್ರಣದ ಮೇಲೆ ಮುದ್ರಣ ಕಂಡಿತು. ಅಮೆರಿಕದ ಡಿಲ್ಲನ್ ರಿಪ್ಲಿಯವರೊಡನೆ ಸೇರಿ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳನ್ನೆಲ್ಲ ಒಳಗೊಂಡ ಹತ್ತು ಸಂಪುಟಗಳ ಮಹಾಗ್ರಂಥವನ್ನು 1968ರಿಂದ 1974ರ ನಡುವೆ ಪೂರ್ಣಗೊಳಿಸಿದರು. ಆಗ ಅವರಿಗೆ ಎಪ್ಪತ್ತೇಳು ದಾಟಿತ್ತು. ಈ ಪಾಂಡಿತ್ಯದ ನಡುವೆ ಮೋಟಾರ್ ಸೈಕಲ್ಲಿನ ಹುಚ್ಚು ಬೇರೆ. 1950ರಲ್ಲಿ ಸ್ವೀಡನ್ನಿನಲ್ಲಿ ಕೂಡಿದ ಪಕ್ಷಿಶಾಸ್ತ್ರಜ್ಞರ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನ ರಸ್ತೆಗಳಲ್ಲಿ ಅದನ್ನೇರಿ ಹೋದರು.

ತಿರುವಾಂಕೂರು ಕೊಚ್ಚಿಗಳ ಸಮೀಕ್ಷೆಯನ್ನು ಹಿಗ್ಗಿಸಿ ಅವರು ರಚಿಸಿದ ಕೇರಳದ ಹಕ್ಕಿಗಳ ಗ್ರಂಥ 1969ರಲ್ಲಿ ಹೊರಬಂದಿತು. ಎಂ.ಎ. ಓದುತ್ತಿದ್ದಾಗ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಆ ಗ್ರಂಥ ನನ್ನ ಕೈಗೆ ಬಂತು. ಬಂದದ್ದೂ ಕನ್ನಡದ ದೆಸೆಯಿಂದಲೇ. ನಮಗೆ ನಾಗವರ್ಮನ ಕರ್ಣಾಟಕ ಕಾದಂಬರಿ ಪಠ್ಯವಾಗಿತ್ತು. ಬಾಣಭಟ್ಟನ ಕಥೆಯನ್ನು ಕನ್ನಡಕ್ಕೆ ತಂದ ಆ ಚಂಪುವಿನಲ್ಲಿ ಕಥೆಯ ಬಾಗಿಲನ್ನು ತೆರೆಯುವುದೇ ಒಂದು ಗಿಳಿ. ಪಂಪಾಸರೋವರದ ಬಳಿ ಮುದಿ ಬೂರುಗದ ಮರ. ಅದರ ಪೊಟರೆಗಳಲ್ಲಿ ಗಿಳಿಗಳ ಸಂಸಾರ. ಬೇಡರ ಪಡೆ ಹಾದುಹೋದ ಮೇಲೆ ಹಿಂದುಳಿದ ಮುದಿಬೇಡನೊಬ್ಬ ಮರವೇರಿ ಗಿಳಿಗಳನ್ನೂ ಮರಿಗಳನ್ನೂ ಕೊರಳು ಮುರಿದು ಕೆಳಗೆಸೆಯುತ್ತಾನೆ. ತಂದೆಯ ರೆಕ್ಕೆಯಡಿ ಅಡಗಿದ್ದ ಒಂದು ಮರಿ ತರಗೆಲೆಯ ಮೇಲೆ ಬಿದ್ದು ಬದುಕುತ್ತದೆ. ಹಾರೀತನೆಂಬ ಋಷಿಕುಮಾರ ಅದನ್ನೆತ್ತಿ ನೀರು ಕುಡಿಸಿ ಆಶ್ರಮಕ್ಕೆ ಒಯ್ಯುತ್ತಾನೆ. ಆ ಭಾಗವನ್ನು ಓದಿದ ಸಂಜೆ ನನಗೆ ಕಾಟುಮಾವಿನ ಮರ ನೆನಪಾಗಿ ತಡೆಯಲಾಗಲಿಲ್ಲ. ಗ್ರಂಥಾಲಯದಲ್ಲಿ ಹಕ್ಕಿಗಳ ಕಪಾಟನ್ನು ಹುಡುಕಿಕೊಂಡು ಹೋದೆ.

ಸಲೀಂ ಅಲಿಯವರ ಗ್ರಂಥದಲ್ಲಿ ಗಿಳಿಗಳ ಅಧ್ಯಾಯವನ್ನು ತೆರೆದಾಗ ನಮ್ಮ ಜಗಲಿಯ ಮೂಗಿ ಅಲ್ಲಿತ್ತು. ನೀಲಿ ರೆಕ್ಕೆಯ ಗಿಳಿ, ಅರ್ಥಾತ್ ಮಲಬಾರಿನ ಗಿಳಿ. ಪಶ್ಚಿಮಘಟ್ಟದ ಸಾಲನ್ನೂ ಅದರ ತಪ್ಪಲನ್ನೂ ಬಿಟ್ಟರೆ ಭೂಮಂಡಲದಲ್ಲಿ ಬೇರೆಲ್ಲಿಯೂ ಇಲ್ಲದ ಹಕ್ಕಿ. ಮುದಿಮರಗಳ ಎತ್ತರದ ಪೊಟರೆಗಳಲ್ಲಿ ಬೇಸಗೆಯ ಮೊದಲೇ ಮೊಟ್ಟೆಯಿಡುವ ಹಕ್ಕಿ. ಅದು ಬಣ್ಣಗೆಟ್ಟ ಗಿಳಿಯಾಗಿರಲಿಲ್ಲ. ಅದರ ಬಣ್ಣವೇ ಅದು. ನಾವು ಅದರಲ್ಲಿ ಬೇರೊಂದು ಗಿಳಿಯನ್ನು ಹುಡುಕಿದ್ದೆವು, ಅಷ್ಟೆ. ಸತ್ತ ಎಷ್ಟೋ ವರ್ಷಗಳ ಮೇಲೆ ಅದಕ್ಕೆ ಹೆಸರು ಸಿಕ್ಕಿತು. ಗ್ರಂಥಾಲಯದ ಗಂಟೆ ಬಾರಿಸುವವರೆಗೂ ಆ ಪುಟವನ್ನು ನಾನು ಮಗುಚಲಿಲ್ಲ.

ನೀಲಿ ರೆಕ್ಕೆಯ ಗಿಳಿ ಇಂದಿಗೂ ನಮ್ಮ ಘಟ್ಟಗಳಲ್ಲಿದೆ. ಅಳಿವಿನ ಅಂಚಿಗೆ ಬಂದಿಲ್ಲ. ಆದರೆ ಗಿಳಿಯೊಂದು ಆ ಅಂಚಿಗೆ ಹೇಗೆ ಬರುತ್ತದೆಂಬುದನ್ನು ಬ್ರೆಜಿಲ್ ದೇಶದಿಂದ ಕಲಿಯಬಹುದು. ಅಲ್ಲಿನ ಸಾವ್ ಫ್ರಾನ್ಸಿಸ್ಕೊ ನದಿಯ ದಡದಲ್ಲಿ ಸ್ಪಿಕ್ಸ್ ಎಂಬ ಜರ್ಮನ್ ಪಂಡಿತ 1819ರಲ್ಲಿ ನೀಲವರ್ಣದ ದೊಡ್ಡ ಗಿಳಿಯೊಂದನ್ನು ಹೊಡೆದು ಸಂಗ್ರಹಿಸಿದ. ಮುಂದೆ ಅದಕ್ಕೆ ಅವನದೇ ಹೆಸರಾಯಿತು. ಅದು ಗೂಡುಕಟ್ಟುವ ಹೊಳೆಬದಿಯ ಮರಗಳು ಕಡಿಮೆಯಾದವು. ಉಳಿದವುಗಳನ್ನು ಪಂಜರದ ವ್ಯಾಪಾರಿಗಳು ಹಿಡಿದರು. ಅಪರೂಪವಾದಷ್ಟೂ ಬೆಲೆ ಏರಿತು. ಬೆಲೆ ಏರಿದಷ್ಟೂ ಹಿಡಿಯುವವರು ಹೆಚ್ಚಿದರು. 1990ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೇ ಒಂದು ಗಂಡು ಉಳಿದಿತ್ತು. ಸ್ವಜಾತಿಯ ಸಂಗಾತಿಯಿಲ್ಲದೆ ಅದು ಬೇರೆ ಜಾತಿಯ ಹೆಣ್ಣುಗಿಳಿಯೊಡನೆ ಹಾರಾಡುತ್ತಿತ್ತು. 1995ರಲ್ಲಿ ಪಂಜರದ ಹೆಣ್ಣೊಂದನ್ನು ಅದರ ಜೊತೆಗೆಂದು ಬಿಟ್ಟರು. ಕೆಲವು ವಾರಗಳಲ್ಲಿ ಅದು ಕಾಣೆಯಾಯಿತು. 2000ದಲ್ಲಿ ಆ ಕೊನೆಯ ಗಂಡೂ ಕಣ್ಮರೆಯಾಯಿತು. ಆ ಬಳಿಕ ಬೇರೆ ಬೇರೆ ದೇಶಗಳ ಪಂಜರಗಳಲ್ಲಿ ಉಳಿದಿದ್ದವುಗಳಿಂದ ಸಂತತಿ ಬೆಳೆಸಿ 2022ರ ಜೂನ್ ತಿಂಗಳಲ್ಲಿ ಎಂಟು ಹಕ್ಕಿಗಳನ್ನು ಮರಳಿ ಆ ನೆಲದಲ್ಲಿ ಬಿಟ್ಟರು. ಒಂದು ಕಾಲಕ್ಕೆ ತಾನಾಗಿ ಹಾರುತ್ತಿದ್ದುದನ್ನು ಮತ್ತೆ ಹಾರಿಸುವುದಕ್ಕೆ ದೇಶದೇಶಗಳು ಸೇರಬೇಕಾಯಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿದೆ. ದೇಶೀಯ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಆದರೂ ಪಂಜರದ ಗಿಳಿ ನಮ್ಮ ಜಗಲಿಗಳಿಂದ ಪೂರ್ತಿಯಾಗಿ ಇಳಿದುಹೋಗಿಲ್ಲ.

ಬ್ರೆಜಿಲಿನವರೆಗೆ ಹೋಗದೆಯೂ ಅಂಚನ್ನು ಕಾಣಬಹುದು. ನಮ್ಮ ಬಯಲುಸೀಮೆಯವರು ಎರೆಭೂತ ಎನ್ನುವ, ಪುಸ್ತಕಗಳಲ್ಲಿ ದೊರೆವಾಯನ ಹಕ್ಕಿ ಎನಿಸಿಕೊಂಡಿರುವ ದೊಡ್ಡ ನೆಲಹಕ್ಕಿಯನ್ನೇ ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದು ಸಲೀಂ ಅಲಿಯವರು ಒತ್ತಾಯಿಸಿದರು. ಆ ಗೌರವ ಸಿಕ್ಕರೆ ಜನರ ಕಣ್ಣು ಅದರ ಮೇಲೆ ಬೀಳುತ್ತದೆ, ಹುಲ್ಲುಗಾವಲುಗಳೂ ಉಳಿಯುತ್ತವೆ ಎಂಬುದು ಅವರ ಎಣಿಕೆ. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ನವಿಲು ಇಂದು ನಮ್ಮ ಗದ್ದೆಗಳಲ್ಲಿ ಕೋಳಿಯಂತೆ ಮೇಯುತ್ತಿದೆ. ದೊರೆವಾಯನ ಹಕ್ಕಿಯೋ ಬೇಟೆ, ಹುಲ್ಲುಗಾವಲಿನ ನಾಶ, ವಿದ್ಯುತ್ತಿನ ತಂತಿಗಳು ಇವುಗಳ ನಡುವೆ ಸಿಕ್ಕಿ ಇಡೀ ದೇಶದಲ್ಲಿ ನೂರೈವತ್ತರ ಆಸುಪಾಸಿಗೆ ಇಳಿದಿದೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸೀಮೆಯಲ್ಲಿ ಬೆರಳೆಣಿಕೆಯಷ್ಟು. 2019ರಿಂದ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ ಅದರ ಮೊಟ್ಟೆಗಳಿಗೆ ಕೃತಕವಾಗಿ ಕಾವುಕೊಟ್ಟು ಮರಿಮಾಡುವ ಯತ್ನ ನಡೆದಿದೆ. ಅಂದು ಆ ಮುದುಕರ ಮಾತನ್ನು ಕೇಳಿದ್ದರೆ ಎಂಬ ಕೊರಗು ಈಗ ಉಪಯೋಗಕ್ಕೆ ಬಾರದು. ಆದರೆ ಕೊರಗು ಇದೆ.

ಎಲ್ಲ ವಾದಗಳಲ್ಲಿಯೂ ಅವರು ಸೋಲಲಿಲ್ಲ. ಭರತಪುರದ ಕೆರೆಗಳನ್ನು ಬತ್ತಿಸಿ ಹೊಲ ಮಾಡಬೇಕೆಂಬ ಒತ್ತಾಯ ಬಂದಾಗ ನೆಹರೂ ಅವರವರೆಗೆ ಹೋಗಿ ಅದನ್ನು ತಡೆದರು. ಕೇರಳದ ಮೌನಕಣಿವೆ ಅಣೆಕಟ್ಟಿನಡ ಮುಳುಗದಂತೆ ದನಿಯೆತ್ತಿದವರಲ್ಲಿ ಮುಂಚೂಣಿಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ಅದೇ 1976ರಲ್ಲಿ ಪಾಲ್ ಗೆಟ್ಟಿ ಪ್ರಶಸ್ತಿಯ ಐವತ್ತು ಸಾವಿರ ಡಾಲರುಗಳು ಬಂದಾಗ, ಗುಬ್ಬಿಗೆ ಹೆಸರು ಹೇಳಿದ ಸೊಸೈಟಿಯ ಕೆಲಸಕ್ಕೆಂದೇ ಅದನ್ನು ಮುಡಿಪಾಗಿಟ್ಟರು. ಪದವಿಯಿಲ್ಲವೆಂದು ಹಿಂದೆ ಕಳುಹಿಸಲ್ಪಟ್ಟವರಿಗೆ ವಿಶ್ವವಿದ್ಯಾನಿಲಯಗಳು ಡಾಕ್ಟರೇಟುಗಳನ್ನು ತಾವಾಗಿ ತಂದೊಪ್ಪಿಸಿದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು; ಅದೇ ವರ್ಷ ಪ್ರಕಟವಾದ ಆತ್ಮಕಥೆಗೆ ಒಂದು ಗುಬ್ಬಿಯ ಪತನ ಎಂಬರ್ಥದ ಹೆಸರನ್ನಿಟ್ಟರು.

ಅವರ ಕೊನೆಯ ಸಂತೋಷಗಳಲ್ಲಿ ಒಂದು 1986ರ ಜನವರಿಯಲ್ಲಿ ಒದಗಿತು. ಜೆರ್ಡನ್ ಎಂಬ ಆಂಗ್ಲ ವೈದ್ಯನ ಹೆಸರು ಹೊತ್ತ, ಕುರುಚಲು ಕಾಡಿನಲ್ಲಿ ರಾತ್ರಿ ಓಡಾಡುವ ಸಣ್ಣ ಹಕ್ಕಿಯೊಂದು 1900ರಿಂದೀಚೆಗೆ ಯಾರ ಕಣ್ಣಿಗೂ ಬೀಳದೆ ಅಳಿದುಹೋಯಿತೆಂದೇ ಎಣಿಕೆಯಾಗಿತ್ತು. ಆಂಧ್ರದ ಕಡಪ ಜಿಲ್ಲೆಯಲ್ಲಿ ಸೊಸೈಟಿಯವರ ಹುಡುಕಾಟದ ಫಲವಾಗಿ ಅದು ಮತ್ತೆ ಸಿಕ್ಕಿತು. ಹಿಡಿದು ತಂದವನು ಪ್ರಯೋಗಾಲಯದ ಪಂಡಿತನಲ್ಲ; ಆ ಕಾಡನ್ನು ಅಂಗೈಯಂತೆ ಬಲ್ಲ ಸ್ಥಳೀಯ ಬೇಟೆಗಾರ. ಸುದ್ದಿ ಮುಟ್ಟಿದೊಡನೆ ತೊಂಬತ್ತರ ಹೊಸ್ತಿಲಲ್ಲಿದ್ದ ಸಲೀಂ ಅಲಿಯವರು ಅಲ್ಲಿಗೆ ಧಾವಿಸಿದರು. ಬಾಲ್ಯದಲ್ಲಿ ಬೇಟೆಗಾರನಾಗಿದ್ದವನಿಗೆ ಇಳಿವಯಸ್ಸಿನಲ್ಲಿ ಕಳೆದುಹೋದ ಹಕ್ಕಿಯನ್ನು ಇನ್ನೊಬ್ಬ ಬೇಟೆಗಾರನೇ ಹುಡುಕಿಕೊಟ್ಟದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. 1987ರ ಜೂನ್ 20ರಂದು, ಮಳೆಗಾಲದ ಮೊದಲ ದಿನಗಳಲ್ಲಿ, ಗೀಜಗಗಳು ಹೊಸ ಗೂಡಿಗೆ ಹುಲ್ಲು ಸೀಳಲು ತೊಡಗುವ ಕಾಲದಲ್ಲಿ, ಅವರು ಬೊಂಬಾಯಿಯಲ್ಲಿ ಕಣ್ಣುಮುಚ್ಚಿದರು.

ಕಳೆದ ರಜೆಯಲ್ಲಿ ಕನ್ಯಾನಕ್ಕೆ ಹೋಗಿದ್ದಾಗ ತಂಗಿಯ ಮಗ ತನಗೊಂದು ಗಿಳಿ ಬೇಕೆಂದು ಹಟ ಹಿಡಿದ. ಈಗ ನಾನೇ ಸೋದರಮಾವ. ಅವನಿಗೆ ನೀತಿ ಹೇಳುವ ಬಾಯಿ ನನಗಿರಲಿಲ್ಲ. ಹಳೆಯ ಪಂಜರದ ಕಥೆಯನ್ನೂ ಖೇತವಾಡಿಯ ಗುಬ್ಬಿಯ ಕಥೆಯನ್ನೂ ಹೇಳಿ, ಹಕ್ಕಿಗಳ ಪುಸ್ತಕವನ್ನು ಅವನ ಕೈಗೆ ಕೊಟ್ಟು, ಬೆಳಗ್ಗೆ ಗುಡ್ಡಕ್ಕೆ ಕರೆದುಕೊಂಡು ಹೋದೆ. ರಬ್ಬರು ತೋಟದಲ್ಲಿ ಹಕ್ಕಿಗಳ ಸದ್ದಿರಲಿಲ್ಲ. ಅದನ್ನು ದಾಟಿ ಸವರದೆ ಉಳಿದಿರುವ ಕಾಡಿನ ಅಂಚಿಗೆ ಬಂದಾಗ ಗಿಳಿಗಳ ಹಿಂಡೊಂದು ಕೂಗುತ್ತ ತಲೆಯ ಮೇಲೆ ಹಾದುಹೋಯಿತು. ಹುಡುಗ ಬೆರಳು ಮಡಚುತ್ತ ಎಣಿಸಿದ, ಹನ್ನೊಂದು ಎಂದ. ಬಾಲದ ತುದಿಯಲ್ಲಿ ಹಳದಿ ಇತ್ತೆ ಎಂದು ಕೇಳಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನೋಡಲಾಗಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ. ನನಗೂ ಕಂಡಿರಲಿಲ್ಲ. ಪುಸ್ತಕದ ಹಿಂಬದಿಯಲ್ಲಿ ತಾರೀಕು, ಜಾಗ, ಸಂಖ್ಯೆ ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟೆವು. ಇನ್ನೊಂದು ಬೆಳಗ್ಗೆ ಸೂರ್ಯ ಬೆನ್ನ ಹಿಂದೆ ಬರುವಂತೆ ನಿಂತು ನೋಡುವುದೆಂದು ಮಾತಾಡಿಕೊಂಡು ಗುಡ್ಡ ಇಳಿದೆವು.